ಸಣ್ಣ, ಸರಳ, ಹಳೆಯ ಕಾರು: ನಾನು ಆರಿಸಿದ ಬಗೆ

ಬೆಳಗ್ಗೆ ಕೀಲಿ ತಿರುಗಿಸಿದರೆ ಹೊರಡಬೇಕು, ಸಂಜೆ ಮನೆ ಮುಟ್ಟಿಸಬೇಕು, ನಡುವೆ ಜೇಬಿಗೆ ಕೈಹಾಕಬಾರದು. ನನಗೆ ಬೇಕಾಗಿದ್ದುದು ಇಷ್ಟೇ. ಹೊಸ ಕಾರಿನ ಬೆಲೆ ಮೊದಲ ಕೆಲವು ವರ್ಷಗಳಲ್ಲೇ ಸರ್ರನೆ ಇಳಿಯುತ್ತದೆ. ಆ ಇಳಿತದ ಹೊರೆಯನ್ನು ಬೇರೆ ಯಾರಾದರೂ ಹೊರಲಿ ಎಂದು ಹಳೆಯ ಕಾರುಗಳತ್ತ ತಿರುಗಿದೆ. ಹಳೆಯ ಕಾರು ಕೊಳ್ಳುವುದು ಜೂಜು ಎಂದು ಹೆದರಿಸಿದವರಿದ್ದರು. ಜೂಜೇ ಇರಲಿ, ಇಲ್ಲಿ ಎದುರಾಳಿಯ ಎಲೆಗಳನ್ನು ಬಹುಪಾಲು ತಿರುಗಿಸಿ ನೋಡಬಹುದು.

ಯಾವ ಕಾರು ಬೇಕು ಎಂದು ಯೋಚಿಸುವ ಮೊದಲು ಏನೇನು ಬೇಡ ಎಂದು ತೀರ್ಮಾನಿಸಿದೆ. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಬೇಡ. ಎರಡು ಕ್ಲಚ್‌ಗಳ ಆಟೊಮ್ಯಾಟಿಕ್ ಗೇರ್ ಬೇಡ. ಸನ್‌ರೂಫ್ ಬೇಡ; ಅದರ ನೀರಿನ ಕೊಳವೆ ಕಟ್ಟಿಕೊಂಡರೆ ಮಳೆಯೆಲ್ಲ ಸೀಟಿನ ಮೇಲೆ. ಡೀಸೆಲ್ ಕೂಡ ಬೇಡವೆಂದೆ. ಈಚಿನ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ದೂರದ ಓಟದಲ್ಲಿ ಚೆನ್ನಾಗಿ ಕಾದರೆ ಮಾತ್ರ ಅದರ ಮಸಿ ಸುಟ್ಟುಹೋಗುತ್ತದೆ. ನನ್ನ ಓಡಾಟವೆಲ್ಲ ಹತ್ತಿರದ್ದು, ಆ ಫಿಲ್ಟರ್ ಕಟ್ಟಿಕೊಂಡು ಕೂರುವುದು ಖಚಿತವಿತ್ತು. ಉಳಿದದ್ದು 1 ರಿಂದ 1.3 ಲೀಟರ್‌ನ ಸಾದಾ ಪೆಟ್ರೋಲ್ ಎಂಜಿನ್ ಮತ್ತು ಕೈಯಲ್ಲಿ ಹಾಕುವ ಗೇರ್. ಇಲ್ಲದ ಭಾಗ ಕೆಡುವುದಿಲ್ಲವಲ್ಲ.

ಎಂಜಿನ್ನಿನಲ್ಲಿ ನಾನು ಮೊದಲು ವಿಚಾರಿಸಿದ್ದು ಅದರ ಟೈಮಿಂಗ್, ಅಂದರೆ ಪಿಸ್ಟನ್ನಿನ ಚಲನೆಗೆ ತಕ್ಕಂತೆ ವಾಲ್ವ್‌ಗಳು ತೆರೆದು ಮುಚ್ಚುವ ಹೊಂದಾಣಿಕೆ, ನಡೆಯುವುದು ಚೈನಿನಿಂದಲೋ ಬೆಲ್ಟಿನಿಂದಲೋ ಎಂದು. ಬೆಲ್ಟ್ ಇದ್ದರೆ ತಯಾರಕರು ಹೇಳಿದ ಕಿಲೋಮೀಟರ್ ಅಥವಾ ವರ್ಷ, ಯಾವುದು ಮೊದಲೋ ಆಗ ಬದಲಾಯಿಸಲೇಬೇಕು. ಇಲ್ಲದಿದ್ದರೆ ಅನೇಕ ಎಂಜಿನ್‌ಗಳಲ್ಲಿ ಬೆಲ್ಟ್ ಕಡಿದ ಕ್ಷಣದಲ್ಲೇ ಪಿಸ್ಟನ್ನಿಗೆ ವಾಲ್ವ್ ಬಡಿದು ಎಂಜಿನ್ ಗುಜರಿಗೆ ಹೋಗುತ್ತದೆ. ಕೆಲವು ಹೊಸ ಸಣ್ಣ ಎಂಜಿನ್‌ಗಳಲ್ಲಿ ಬೆಲ್ಟ್ ಎಣ್ಣೆಯಲ್ಲೇ ಮುಳುಗಿ ಓಡುತ್ತದೆ. ಅದು ಪುಡಿಯಾದರೆ ಆ ಪುಡಿ ಎಣ್ಣೆ ಹೀರುವ ಜಾಲರಿಗೆ ಸಿಕ್ಕಿಕೊಳ್ಳುತ್ತದೆ, ಎಣ್ಣೆಯ ಒತ್ತಡ ಕುಸಿಯುತ್ತದೆ. ಅಂಥವನ್ನು ನೋಡುವುದಕ್ಕೂ ಹೋಗಲಿಲ್ಲ. ಚೈನ್ ಇದ್ದರೂ ಎಣ್ಣೆ ಹೊತ್ತಿಗೆ ಸರಿಯಾಗಿ ಬದಲಾಗಿರಬೇಕು, ಇಲ್ಲವಾದರೆ ಅದು ಸವೆದು ಉದ್ದವಾಗುತ್ತದೆ.

ಒಂದೇ ಕಾರು ಬೇರೆ ಬೇರೆ ಹೆಸರುಗಳಲ್ಲಿ ಮಾರಾಟವಾಗುವುದೂ ನನಗೆ ಅನುಕೂಲವಾಯಿತು. ಟೊಯೋಟಾ ಆಯ್ಗೊ, ಪೆಜೊ 107, ಸಿಟ್ರೊಯೆನ್ ಸಿ1 ಮೂರೂ 2005ರಿಂದ ಜೆಕ್ ಗಣರಾಜ್ಯದ ಕೊಲೀನ್‌ನಲ್ಲಿ ಒಂದೇ ಕಾರ್ಖಾನೆಯಿಂದ ಹೊರಬಂದವು; ಮೂರರಲ್ಲೂ ಟೊಯೋಟಾದ 998 ಸಿಸಿಯ ಮೂರು ಸಿಲಿಂಡರ್ ಚೈನ್ ಎಂಜಿನ್ ಇತ್ತು. ಸುಜುಕಿ ಬಲೆನೊ ಮತ್ತು ಟೊಯೋಟಾ ಗ್ಲಾನ್ಜಾ ಕೂಡ ಹೀಗೆಯೇ. ಹಳೆಯ ಕಾರು ಕೊಳ್ಳುವವನು ಇಂಥ ಜೋಡಿಗಳಲ್ಲಿ ಕಡಿಮೆ ಬೆಲೆಯ ಹೆಸರನ್ನು ಹುಡುಕಬೇಕು. ಬಾನೆಟ್ ಮೇಲಿನ ಲಾಂಛನ ಪೆಟ್ರೋಲ್ ಉಳಿಸುವುದಿಲ್ಲ.

ಆದರೂ ಮಾದರಿಯ ಒಳ್ಳೆಯ ಹೆಸರು ಅರ್ಧ ಕೆಲಸ ಮಾತ್ರ. ಹಿಂದಿನ ಮಾಲೀಕ ಕಾರನ್ನು ಹೇಗೆ ನೋಡಿಕೊಂಡ ಎಂಬುದೇ ಉಳಿದದ್ದನ್ನೆಲ್ಲ ತೀರ್ಮಾನಿಸುತ್ತದೆ. ಸರ್ವಿಸ್ ಬಿಲ್ಲುಗಳನ್ನು ಒಂದೊಂದಾಗಿ ತಾರೀಖಿನ ಕ್ರಮದಲ್ಲಿ ಜೋಡಿಸಿ, ಪ್ರತಿಯೊಂದರಲ್ಲೂ ಬರೆದ ಕಿಲೋಮೀಟರ್ ಏರುತ್ತಾ ಬಂದಿದೆಯೇ ಎಂದು ನೋಡುತ್ತಿದ್ದೆ. ಓಡೋಮೀಟರ್ ಕಡಿಮೆ ತೋರಿಸುತ್ತಿದ್ದು ಕ್ಲಚ್ ಪೆಡಲ್‌ನ ರಬ್ಬರ್ ಬೋಳಾಗಿದ್ದರೆ, ಗೇರ್ ಹಿಡಿಯ ಮೇಲಿನ ಅಂಕಿಗಳು ಅಳಿಸಿದ್ದರೆ, ಮೀಟರಿಗಿಂತ ರಬ್ಬರನ್ನೇ ನಂಬುತ್ತಿದ್ದೆ. ದಾಖಲೆಯಿಲ್ಲದ ಕಡಿಮೆ ಓಟದ ಕಾರಿಗಿಂತ ದಾಖಲೆಯಿರುವ ಹೆಚ್ಚು ಓಟದ ಕಾರು ಮೇಲು ಎಂಬುದು ನನ್ನ ಪಕ್ಷಪಾತ. ಕಡಿಮೆ ಓಡಿದ ಕಾರು ಹತ್ತಿರಹತ್ತಿರವೇ ಓಡಾಡಿದ್ದಿರಬಹುದು, ಬರೀ ಅಂಥ ಓಡಾಟದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಎಣ್ಣೆಯಲ್ಲಿ ನೀರೂ ಪೆಟ್ರೋಲೂ ಸೇರುತ್ತಾ ಹೋಗುತ್ತವೆ.

ಕಾರು ನೋಡಲು ಹೋಗುವಾಗ ಒಂದು ಷರತ್ತು ಹಾಕುತ್ತಿದ್ದೆ: ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡುವುದು. ಒಂದು ಕಡೆ ಅದು ಬೆಚ್ಚಗಿತ್ತು. “ನೀವು ಕಾಯುವುದು ಬೇಡವೆಂದು ಮೊದಲೇ ಬಿಸಿ ಮಾಡಿಟ್ಟೆ, ಸರ್” ಎಂದರು ಮಾರುವವರು. ಅವರ ಉಪಚಾರಕ್ಕೆ ವಂದನೆ ಹೇಳಿ ಮತ್ತೊಂದು ದಿನ ಬರುತ್ತೇನೆಂದೆ. ಸವೆದ ಚೈನಿನ ಗಡಗಡ, ವಾಲ್ವ್ ಸೀಲ್ ಸೋತಾಗ ಬರುವ ನೀಲಿ ಹೊಗೆ, ಸಾಯುತ್ತಿರುವ ಬ್ಯಾಟರಿ, ಇವೆಲ್ಲ ಚೆನ್ನಾಗಿ ಬಯಲಾಗುವುದು ತಣ್ಣನೆಯ ಎಂಜಿನ್ನಿನಲ್ಲಿ.

ಕೀಲಿಯನ್ನು ಅರ್ಧ ತಿರುಗಿಸಿ ಎಂಜಿನ್ ಚಾಲೂ ಮಾಡದೆ ಡ್ಯಾಶ್‌ಬೋರ್ಡಿನ ದೀಪಗಳನ್ನು ನೋಡುವುದಕ್ಕೆ ಬಹಳ ಜನ ಬೇಸರಪಡುತ್ತಾರೆ. ನನಗೆ ಅತಿ ಹೆಚ್ಚು ಸುದ್ದಿ ಸಿಕ್ಕಿದ್ದು ಅಲ್ಲೇ. ಎಲ್ಲ ಎಚ್ಚರಿಕೆ ದೀಪಗಳೂ ಒಮ್ಮೆ ಹೊತ್ತಬೇಕು. ಎಂಜಿನ್ ಶುರುವಾಗುವವರೆಗೆ ಎಣ್ಣೆಯ ದೀಪ ಉರಿಯುತ್ತಿರುತ್ತದೆ. ಏರ್‌ಬ್ಯಾಗ್ ದೀಪ ಮಾತ್ರ ಕೆಲವು ಸೆಕೆಂಡುಗಳಲ್ಲಿ ತಾನಾಗಿ ಆರಬೇಕು. ಚಂದದ ಒಂದು ಕೆಂಪು ಕಾರಿನಲ್ಲಿ ಏರ್‌ಬ್ಯಾಗ್ ದೀಪ ಎಷ್ಟು ಕಾದರೂ ತಾನಾಗಿ ಆರಲಿಲ್ಲ. ಎಂಜಿನ್ ಚಾಲೂ ಆದಾಗ ಎಣ್ಣೆಯ ದೀಪದ ಜೊತೆಜೊತೆಗೇ ಆರಿತು. ಒಂದರ ತಂತಿಯನ್ನು ಇನ್ನೊಂದಕ್ಕೆ ಬೆಸೆದಿರುವ ಗುಮಾನಿಗೆ ಅಷ್ಟು ಸಾಕು. ಅಪಘಾತದಲ್ಲಿ ಒಡೆದ ಏರ್‌ಬ್ಯಾಗಿನ ಬದಲು ಹೊಸದನ್ನು ಹಾಕದ ಕಾರುಗಳಲ್ಲಿ ಇಂಥ ಕೈಚಳಕ ಮಾಡುತ್ತಾರೆ. ಬಾಗಿಲು ಮುಚ್ಚಿ ಹೊರಟುಬಂದೆ.

ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದುವ ಅಗ್ಗದ ಓಬಿಡಿ ಸ್ಕ್ಯಾನರ್ ಒಂದನ್ನೂ ಜೊತೆಗೆ ಒಯ್ಯುತ್ತಿದ್ದೆ. ದೋಷದ ಕೋಡ್ ಇಲ್ಲವೆಂದು ಅದು ತೋರಿಸಿದ ಮಾತ್ರಕ್ಕೆ ನೆಮ್ಮದಿ ಪಡುವಂತಿಲ್ಲ. ಅದೇ ಸ್ಕ್ಯಾನರಿನಲ್ಲಿ ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡ ಸ್ಥಿತಿಯೂ ಕಾಣುತ್ತದೆ. ಹಲವು ಪರೀಕ್ಷೆಗಳು ಅಪೂರ್ಣ ಎಂದು ಬಂದರೆ ಇತ್ತೀಚೆಗೆ ಯಾರೋ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ ಎಂದು ತಿಳಿಯಬೇಕು.

ಓಡಿಸಿ ನೋಡುವಾಗ ರೇಡಿಯೊ ಬಂದ್. ನಿಧಾನ ಹೋಗುತ್ತಾ ಮೇಲಿನ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಸದ್ದಷ್ಟೇ ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಸುತ್ತಿದಾಗ ಟಕಟಕ ಕೇಳಿಸಿದರೆ ಚಕ್ರದ ಕಡೆಯ ಸಿವಿ ಜಾಯಿಂಟ್ (ಎಂಜಿನ್ನಿನ ಬಲವನ್ನು ತಿರುಗುವ ಚಕ್ರಕ್ಕೆ ಮುಟ್ಟಿಸುವ ಕೀಲು) ಸವೆದಿದೆ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನಾಲ್ಕೂ ಹಳೆಯವಾದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಲು ಕೇಳುತ್ತಿದ್ದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡುವುದು ಪ್ರವಾಹದಲ್ಲಿ ನಿಂತ ಕಾರಿನ ಗುರುತಿಗೆ. ಕೆಸರಿನ ಕಲೆ ಅಲ್ಲಿ ಉಳಿದಿರುತ್ತದೆ, ತೊಳೆಯುವವರಿಗೆ ನೆನಪಾಗುವುದಿಲ್ಲ.

ಇಷ್ಟೆಲ್ಲ ದಾಟಿದ ಕಾರನ್ನು, ಮಾರುವವರಿಗೆ ಪರಿಚಯವಿಲ್ಲದ ಮೆಕ್ಯಾನಿಕ್ ಬಳಿ ಲಿಫ್ಟ್ ಮೇಲೆ ಎತ್ತಿಸಿದೆ. ಅವರು ಹುಡುಕಿದ್ದು ತುಕ್ಕು, ಎಣ್ಣೆಯ ಸೋರಿಕೆ ಮತ್ತು ಬೆಸುಗೆಯ ಗುರುತು. ಸಿಕ್ಕಿದ್ದು ಕುಲುಕು ತಡೆಯುವ, ಹರಿದ ಒಂದು ರಬ್ಬರ್ ಬುಶ್. ಬಣ್ಣ ಅಲ್ಲಲ್ಲಿ ಮಾಸಿತ್ತು, ಹಿಂದಿನ ಬಂಪರಿನಲ್ಲಿ ಗೀರಿತ್ತು. ಅವುಗಳಿಂದಾಗಿ ಬೆಲೆ ಇಳಿದದ್ದು ನನಗೆ ಲಾಭವೇ.

ತಂದ ವಾರವೇ ಎಂಜಿನ್ ಮತ್ತು ಗೇರ್‌ಬಾಕ್ಸಿನ ಎಣ್ಣೆ, ಫಿಲ್ಟರ್‌ಗಳು, ಕೂಲೆಂಟ್ ಎಲ್ಲವನ್ನೂ ಬದಲಾಯಿಸಿದೆ. ಬ್ರೇಕ್ ದ್ರವವನ್ನೂ ಬಿಡಲಿಲ್ಲ, ಅದು ಗಾಳಿಯ ತೇವ ಹೀರಿಕೊಂಡು ವರ್ಷಗಳಲ್ಲಿ ಸೋಲುತ್ತದೆ. ಈಗ ಪ್ರತಿ ಸಲ ಟ್ಯಾಂಕ್ ತುಂಬಿಸಿದಾಗ ಲೀಟರನ್ನೂ ಓಡಿದ ಕಿಲೋಮೀಟರನ್ನೂ ಬರೆದಿಡುತ್ತೇನೆ. ಮೈಲೇಜ್ ಇಳಿದರೆ ಮೊದಲು ಟೈರಿನ ಗಾಳಿ ನೋಡುತ್ತೇನೆ. ಆಮೇಲೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಯಾವುದಾದರೂ ಚಕ್ರ ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗಿದೆಯೇ, ಬ್ರೇಕ್ ಹಿಡಿದುಕೊಂಡಿದೆಯೇ ಎಂದು ಹತ್ತಿರ ಕೈಯೊಡ್ಡಿ ನೋಡುತ್ತೇನೆ. ಇವೆರಡೂ ಸರಿಯಿದ್ದರೆ ಮಾತ್ರ ಮೆಕ್ಯಾನಿಕ್‌ಗೆ ಫೋನು.