ಬೆಸುಗೆ ಇಲ್ಲದೆ ಪಿಎಚ್ ಕನೆಕ್ಟರ್: ನನ್ನ ಅನುಭವ

ಪಿಎಚ್ ಅಂದರೆ ಬ್ಯಾಟರಿ, ಸರ್ಕ್ಯೂಟ್ ಬೋರ್ಡುಗಳಲ್ಲಿ ಕಾಣುವ ಜೆಎಸ್‌ಟಿ ಕಂಪನಿಯ ಪುಟ್ಟ ಕನೆಕ್ಟರ್. ಇಷ್ಟು ಪುಟ್ಟ ಪಿನ್‌ಗೆ ಕ್ರಿಂಪ್ (ಪಿನ್ನಿನ ಲೋಹದ ರೆಕ್ಕೆಗಳನ್ನು ವೈರಿನ ಸುತ್ತ ಒತ್ತಿ ಮಡಿಸುವುದು) ಒಂದೇ ಸಾಲದು, ಮೇಲೊಂದು ಹನಿ ಬೆಸುಗೆ ಬೇಕೇ ಬೇಕು ಅಂದವರೇ ಹೆಚ್ಚು. ಬರೀ ಕ್ರಿಂಪ್ ಮಾಡಿದ ಹತ್ತು ಹನ್ನೆರಡು ಜೋಡಿ ಈಗ ಓಡುತ್ತಿವೆ, ಒಂದೂ ಸಡಿಲವಾಗಿಲ್ಲ. ತುಂಡಾದದ್ದು ಬೆಸುಗೆ ಹಾಕಿದವೇ. ಕರಗಿದ ಬೆಸುಗೆ ತಾಮ್ರದ ಎಳೆಗಳೊಳಗೆ ಹತ್ತಿ ವೈರನ್ನು ಕಡ್ಡಿಯಂತೆ ಮಾಡುತ್ತದೆ. ಆ ಗಟ್ಟಿ ಭಾಗ ಮುಗಿಯುವಲ್ಲೇ ವೈರ್ ಬಾಗಿ ಬಾಗಿ ಮುರಿಯುತ್ತದೆ.

ಮೊದಲು ಕನೆಕ್ಟರ್ ಯಾವುದೆಂದು ಗೊತ್ತಾಗಬೇಕು. ಅಕ್ಕಪಕ್ಕದ ಎರಡು ಪಿನ್ ನಡುವಿನ ಅಂತರ ಅಳೆದರೆ 2.5, 2.54 ಮಿ.ಮೀ. ಬೇರೆ ಮಾಡಲಾಗದು. ಮೊದಲ ಪಿನ್ನಿನ ಎಡ ಅಂಚಿನಿಂದ ಕೊನೆಯ ಪಿನ್ನಿನ ಎಡ ಅಂಚಿಗೆ ಅಳೆದು, ಪಿನ್ ಸಂಖ್ಯೆಯಲ್ಲಿ ಒಂದು ಕಳೆದು ಭಾಗಿಸಿ. 2.0 ಬಂದರೆ ಬಹುಮಟ್ಟಿಗೆ ಪಿಎಚ್, 24 ಗೇಜ್ (ವೈರಿನ ದಪ್ಪದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ವೈರ್ ತೆಳು) ವೈರಿನಲ್ಲಿ 2 ಆಂಪಿಯರ್‌ವರೆಗೆ. 2.5 ಬಂದರೆ ಬಹುಮಟ್ಟಿಗೆ ಅದೇ ಕಂಪನಿಯ ಎಕ್ಸ್‌ಎಚ್, 22 ಗೇಜಿನಲ್ಲಿ 3 ಆಂಪಿಯರ್‌ವರೆಗೆ. ದಪ್ಪ ಸಿಲಿಕಾನ್ ವೈರನ್ನು ಪಿಎಚ್‌ಗೆ ಹಾಕಿಯೂ ನೋಡಿದೆ. ಕ್ರಿಂಪ್ ಆಯಿತು, ಹೌಸಿಂಗ್ (ಪಿನ್ ಕೂರುವ ಪ್ಲಾಸ್ಟಿಕ್ ಗೂಡು) ಒಳಗೆ ಹೋಗಲಿಲ್ಲ.

ದುಡ್ಡು ಹಾಳಾದದ್ದು ಕ್ರಿಂಪರಿನಲ್ಲಿ. ಡುಪಾಂಟ್ (ಜಂಪರ್ ವೈರುಗಳಲ್ಲಿರುವ 2.54 ಮಿ.ಮೀ. ಕನೆಕ್ಟರ್) ಪಿನ್‌ಗೆಂದು ಮಾಡಿದ್ದರಲ್ಲಿ ಒತ್ತಿ ನೂರರಲ್ಲಿ ಸುಮಾರು ನಲವತ್ತು ಪಿನ್ ಜಜ್ಜಿಹೋದವು. ಸರಿಯಾದ ಕ್ರಿಂಪರ್ ಬೆಲೆ ಎಲ್ಲ ಕನೆಕ್ಟರುಗಳ ಬೆಲೆಗಿಂತ ಹಲವು ಪಟ್ಟು. ನಾಲ್ಕೈದೇ ಬೇಕಿದ್ದರೆ ವೈರ್ ಸಮೇತ ಬರುವ ರೆಡಿ ಕನೆಕ್ಟರ್ ಕೊಳ್ಳುವುದೇ ಲಾಭ.

ಇನ್ಸುಲೇಶನ್ ಸುಲಿಯುವುದು 2 ಮಿ.ಮೀ. ಚಿಲ್ಲರೆ, ಹೆಚ್ಚಲ್ಲ. ಎಳೆಗಳನ್ನು ಹೊಸೆಯುವುದಿಲ್ಲ, ಬೆರಳಲ್ಲಿ ನೇರ ಮಾಡುತ್ತೇನೆ ಅಷ್ಟೆ. ಚಿಕ್ಕ ರೆಕ್ಕೆಗಳು ಬರೀ ತಾಮ್ರವನ್ನು, ದೊಡ್ಡವು ಇನ್ಸುಲೇಶನ್ನನ್ನು ಹಿಡಿಯಬೇಕು. ಎರಡರ ನಡುವಿನ ಸಂದಿಯಲ್ಲಿ ಇನ್ಸುಲೇಶನ್ನಿನ ಅಂಚು ಕಾಣಬೇಕು. ಅದು ಚಿಕ್ಕ ರೆಕ್ಕೆಯ ಕೆಳಗೆ ಸಿಕ್ಕಿಕೊಂಡರೆ ಪಿನ್ ನೋಡಲು ಚೆನ್ನಾಗಿರುತ್ತದೆ, ಕರೆಂಟ್ ಮಾತ್ರ ಬಿಟ್ಟುಬಿಟ್ಟು ಬರುತ್ತದೆ.

ಕೈಯಲ್ಲಿ ಎಳೆದು ನೋಡಿದರೆ ಸಾಲದು. 1 ಆಂಪಿಯರ್ ಹರಿಸಿ ಕನೆಕ್ಟರಿನ ಆಚೀಚೆ ಮಿಲಿವೋಲ್ಟ್ ಓದಿ. ಒಳ್ಳೆಯದರಲ್ಲಿ ಹತ್ತು ಹದಿನೈದು, ಕೆಟ್ಟದ್ದರಲ್ಲಿ ನೂರು ದಾಟಿತ್ತು. ವೈಫೈ ಆನ್ ಆದಾಗಲೆಲ್ಲ ಬೋರ್ಡ್ ರೀಸೆಟ್ ಆಗುತ್ತಿದ್ದದ್ದು ಅದರಿಂದಲೇ.

ದುಂಡು ಡಿಸಿ ಪ್ಲಗ್ಗಿನಲ್ಲೂ ಇಂಥದೇ ಮೋಸ. ಹೊರಗೆ ಹೆಚ್ಚಿನವು 5.5 ಮಿ.ಮೀ., ಒಳಗಿನ ತೂತು 2.1 ಅಥವಾ 2.5. 2.5ರ ಪ್ಲಗ್ 2.1ರ ಜಾಕಿಗೆ ಹೋಗುತ್ತದೆ, ಆದರೆ ಅಲ್ಲಾಡಿದಾಗೆಲ್ಲ ಕಡಿಯುತ್ತದೆ. 2.3 ಮಿ.ಮೀ. ಡ್ರಿಲ್ ಬಿಟ್ಟಿನ ನುಣುಪು ತುದಿ ಪ್ಲಗ್ಗಿನೊಳಗೆ ಸಲೀಸಾಗಿ ಹೋದರೆ ಅದು 2.5.

ಬ್ಯಾಟರಿ ಸಿಕ್ಕಿಸುವ ಮುನ್ನ ಮೀಟರ್ ಹಿಡಿಯಲೇಬೇಕು, ಪಿಎಚ್‌ನಲ್ಲಿ ಕೆಂಪು ಯಾವ ಕಡೆ ಎಂಬುದಕ್ಕೆ ಎಲ್ಲರೂ ಪಾಲಿಸುವ ನಿಯಮವಿಲ್ಲ. ಉಲ್ಟಾ ಇದ್ದರೆ ವೈರ್ ಕತ್ತರಿಸಬೇಡಿ. ಹೌಸಿಂಗಿನ ಕಿಟಕಿಯಲ್ಲಿ ಕಾಣುವ ನಾಲಿಗೆಯನ್ನು ಸೂಜಿಯಿಂದ ಒತ್ತಿದರೆ ಪಿನ್ ಹೊರಬರುತ್ತದೆ. ಒಂದನ್ನು ತೆಗೆದ ಕೂಡಲೇ ಟೇಪ್ ಸುತ್ತಿ, ಆಮೇಲೆ ಇನ್ನೊಂದು. ಮತ್ತೆ ಹಾಕುವ ಮುನ್ನ ನಾಲಿಗೆಯನ್ನು ತುಸು ಮೇಲೆತ್ತಿ, ಇಲ್ಲದಿದ್ದರೆ ಪಿನ್ ಕಚ್ಚುವುದಿಲ್ಲ.