ಕಡಲ ಬದಿಯ ಮನೆಗೆ ಹೊರಗಿನ ಕ್ಯಾಮರಾ: ನನ್ನ ಅನುಭವ, ಮುಖ್ಯವಾಗಿ ಕೇಬಲ್ ಜಾಯಿಂಟ್ ಬಗ್ಗೆ

ನಮ್ಮ ಮನೆ ಇರೋದು ಉಡುಪಿ ಹತ್ತಿರದ ಕಟಪಾಡಿಯಿಂದ ಮಟ್ಟು ಕಡೆ ಹೋಗುವ ದಾರಿಯಲ್ಲಿ, ಪಡುಗಾಳಿ ಬೀಸಿದ್ರೆ ಕಡಲಿನ ಸದ್ದು ಚಾವಡಿಗೆ ಕೇಳ್ತದೆ. ನನ್ನ ಕೆಲಸ ಮಂಗಳೂರಲ್ಲಿ, ಮನೆಗೆ ಹೋಗೋದು ವಾರಕ್ಕೊಮ್ಮೆ, ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ರಾತ್ರಿ ನಾಯಿ ಬೊಗಳಿದ್ರೆ ಸಾಕು ಅಪ್ಪ ಟಾರ್ಚ್ ಹಿಡ್ಕೊಂಡು ಅಂಗಳಕ್ಕೆ ಇಳಿದೇ ಬಿಡ್ತಾರೆ, ಒಂದು ಆಟಿಯಲ್ಲಿ (ಜೋರು ಮಳೆಯ ತಿಂಗಳು) ಹಾಗೆ ಇಳಿದವರು ಪಾಚಿ ಕಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದು ಕೈ ಮುರ್ಕೊಂಡ್ರು. ಹಾಸಿಗೆಯಲ್ಲಿ ಕೂತೇ ಅಂಗಳ ನೋಡುವ ಹಾಗೆ ಏನಾದ್ರೂ ಮಾಡ್ಬೇಕು ಅಂತ ಅವತ್ತೇ ನಿಶ್ಚಯ ಮಾಡಿದೆ. ಕ್ಯಾಮರಾ ಹಾಕಿದ್ದು ಹಾಗೆ.

ಮೊದಲು ಒಂದು ವೈಫೈ ಕ್ಯಾಮರಾ ತಂದು ಸಿಟೌಟಿಗೆ ಹಾಕಿ ನೋಡಿದೆ. ನಮ್ಮದು ಹಳೇ ಮನೆ, ದಪ್ಪ ಕೆಂಪುಕಲ್ಲಿನ ಗೋಡೆ, ಹೊರಗೆ ಸಿಗ್ನಲ್ ಸರಿ ಬರುವುದೇ ಇಲ್ಲ, ಮಳೆ ಜೋರಾದ್ರೆ ಇನ್ನೂ ಕಷ್ಟ. ಹಾಗಾಗಿ ಪಿಒಇ ಕಡೆ ಹೋದೆ, ಅಂದ್ರೆ ಒಂದೇ ನೆಟ್‌ವರ್ಕ್ ಕೇಬಲಲ್ಲಿ ಡೇಟಾವೂ ಕರೆಂಟೂ ಎರಡೂ ಹೋಗ್ತದೆ, ಕ್ಯಾಮರಾದ ಹತ್ತಿರ ಪ್ಲಗ್ ಪಾಯಿಂಟ್ ಬೇಡ. ಕೇಬಲ್ 100 ಮೀಟರ್ ವರೆಗೆ ಎಳಿಬಹುದು, ನಮ್ಮ ಗೇಟಿಗೆ ಸುತ್ತು ಹಾಕಿ ಎಳೆದ್ರೂ 60 ಮೀಟರ್ ಒಳಗೆ ಮುಗಿತದೆ. ಒಟ್ಟು ಮೂರು ಕ್ಯಾಮರಾ: ಗೇಟಿಗೆ ಒಂದು, ಅಂಗಳಕ್ಕೆ ಒಂದು, ಹಿಂದೆ ಬಾವಿ ಮತ್ತು ಕೊಟ್ಟಿಗೆ ಕಡೆಗೆ ಒಂದು.

ಕೇಬಲ್ ತಗೊಳ್ಳುವಾಗ ಒಂದು ತಪ್ಪು ಮಾಡಿದೆ, ಅದನ್ನು ಹೇಳ್ಲೇಬೇಕು. ಅಂಗಡಿಯಲ್ಲಿ ಕ್ಯಾಟ್ 6 (ನೆಟ್‌ವರ್ಕ್ ಕೇಬಲಿನ ಒಂದು ದರ್ಜೆ) ಅಂತ ಕೊಟ್ಟದ್ದನ್ನು ತಂದು ಎಳೆದೆ, ಹಗಲಿಡೀ ಚೆನ್ನಾಗಿ ನಡೀತಿತ್ತು. ಆದ್ರೆ ಗೇಟಿನ ಕ್ಯಾಮರಾ ದಿನಾ ಮುಸ್ಸಂಜೆ, ಸರಿಯಾಗಿ ಕತ್ತಲಾಗುವ ಹೊತ್ತಿಗೆ ಆಫ್ ಆಗಿ ಆನ್ ಆಗ್ತಿತ್ತು, ರಾತ್ರಿಯಿಡೀ ಅದೇ ಕತೆ, ಬೆಳಿಗ್ಗೆ ಮತ್ತೆ ಸರಿ. ಎರಡು ವಾರ ತಲೆ ಕೆಡಿಸ್ಕೊಂಡ ಮೇಲೆ ಕೇಬಲಿನ ತುದಿ ಬ್ಲೇಡಿನಲ್ಲಿ ಕೆರೆದು ನೋಡಿದ್ರೆ ಮೇಲೆ ತೆಳುವಾಗಿ ತಾಮ್ರ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ! ಇದಕ್ಕೆ ಸಿಸಿಎ ಅಂತ ಹೇಳ್ತಾರೆ. ಶುದ್ಧ ತಾಮ್ರಕ್ಕಿಂತ ಇದರ ರೆಸಿಸ್ಟೆನ್ಸ್ ಜಾಸ್ತಿ, ಕತ್ತಲಾದ ಕೂಡ್ಲೇ ರಾತ್ರಿ ನೋಡಲಿಕ್ಕೆ ಇರುವ ಐಆರ್ (ಇನ್‌ಫ್ರಾರೆಡ್) ಎಲ್‌ಇಡಿ ಹೊತ್ತಿಕೊಂಡು ಕ್ಯಾಮರಾ ಜಾಸ್ತಿ ಕರೆಂಟ್ ಎಳಿತದಲ್ಲ, ಆಗ ಉದ್ದ ಕೇಬಲಲ್ಲಿ ವೋಲ್ಟೇಜ್ ಇಳಿದು ಕ್ಯಾಮರಾ ರೀಸ್ಟಾರ್ಟ್ ಆಗ್ತದೆ. ನಿಮ್ಮಲ್ಲೂ ಕತ್ತಲಾಗುವಾಗ ಮಾತ್ರ ಈ ತೊಂದರೆ ಬರ್ತಾ ಇದ್ರೆ ಕ್ಯಾಮರಾ ವಾಪಸ್ ಕೊಡುವ ಮೊದಲು ಕೇಬಲ್ ಕೆರೆದು ನೋಡಿ. ನಾನು ಪೂರ್ತಿ ತಾಮ್ರದ, ಕಪ್ಪು ಹೊದಿಕೆಯ ಔಟ್‌ಡೋರ್ ಕೇಬಲ್ ತಂದು ಎಲ್ಲಾ ಬದಲಾಯಿಸಿದೆ. ಮನೆಯೊಳಗೆ ಬಳಸುವ ಬೂದು ಕೇಬಲ್ ನಮ್ಮ ಬಿಸಿಲಿಗೆ ಬಿರುಕು ಬಿಡ್ತದೆ.

ಈಗ ಮುಖ್ಯ ವಿಷಯಕ್ಕೆ ಬರ್ತೇನೆ. ಕ್ಯಾಮರಾದ ಡಬ್ಬದ ಮೇಲೆ ಐಪಿ67 ಅಂತ ಬರೆದಿತ್ತು. 6 ಅಂದ್ರೆ ಧೂಳು ಒಳಗೆ ಹೋಗುವುದಿಲ್ಲ, 7 ಅಂದ್ರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿಸಿದ್ರೂ ತೊಂದರೆ ಇಲ್ಲ. ಅದನ್ನು ನಂಬಿ ನಾನು ನೆಮ್ಮದಿಯಲ್ಲಿದ್ದೆ. ಆದ್ರೆ ಆ ನಂಬರ್ ಕ್ಯಾಮರಾದ ಮೈಗೆ ಮಾತ್ರ. ಹಿಂದಿನಿಂದ ಬಾಲದ ಹಾಗೆ ಒಂದು ವೈರ್ ಬಂದು ಅದರ ತುದಿಯಲ್ಲಿ ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಆರ್‌ಜೆ45 ಸಾಕೆಟ್ ಇರ್ತದಲ್ಲ, ಅದಕ್ಕೆ ಕೊಟ್ಟ ಪ್ಲಾಸ್ಟಿಕ್ ಕ್ಯಾಪ್ ಸರಿಯಾಗಿ ಹಾಕದಿದ್ರೆ ಅಲ್ಲಿ ಯಾವ ಐಪಿಯೂ ಇಲ್ಲ. ನಾನು ಕ್ಯಾಪ್ ಹಾಕದೆ, ಇನ್ಸುಲೇಶನ್ ಟೇಪ್ ದಪ್ಪಕ್ಕೆ ಸುತ್ತಿ ಬಿಟ್ಟಿದ್ದೆ.

ಜೂನ್ ದಾಟಿತು, ಜುಲೈ ಎರಡನೇ ವಾರ ಗೇಟಿನ ಕ್ಯಾಮರಾ ಸತ್ತಿತು. ಆದಿತ್ಯವಾರ ಮನೆಗೆ ಹೋಗಿ ಏಣಿ ಇಟ್ಟು ಟೇಪ್ ಬಿಚ್ಚಿದ್ರೆ ಒಳಗಿಂದ ಒಂದು ಚಮಚೆಯಷ್ಟು ನೀರು ಕೈಮೇಲೆ ಸುರಿಯಿತು. ಟೇಪ್ ನೀರನ್ನು ತಡೆದಿರಲಿಲ್ಲ, ಒಳಗೆ ಹೋದ ನೀರನ್ನು ಹಿಡಿದಿಟ್ಟಿತ್ತು. ಪ್ಲಗ್ ಎಳೆದು ಮೊಬೈಲ್ ಟಾರ್ಚಲ್ಲಿ ನೋಡಿದೆ. ಎಂಟು ಪಿನ್ನಿನಲ್ಲಿ ಬದಿಯವು ಇನ್ನೂ ಹಳದಿ ಬಣ್ಣಕ್ಕೇ ಇದ್ವು, ನಟ್ಟನಡುವಿನ 4 ಮತ್ತು 5, ಅಂದ್ರೆ ನೀಲಿ ಜೋಡಿಯವು ಮಾತ್ರ ಹಸಿರು ಹುಡಿಯಾಗಿ, ಒಂದು ಪಿನ್ ಅಂತೂ ಅರ್ಧಕ್ಕೆ ಕರಗಿ ಸೂಜಿ ಮೊನೆಯಷ್ಟು ಉಳಿದಿತ್ತು. ಇದು ಯಾಕೆ ಹೀಗೆ ಅಂತ ಯೋಚಿಸಿದಾಗ ಗೊತ್ತಾಯ್ತು, ನನ್ನ ಪಿಒಇ ಸ್ವಿಚ್ (ಕ್ಯಾಮರಾಗಳ ಕೇಬಲ್ ಬಂದು ಸೇರುವ, ಅವಕ್ಕೆ ಕರೆಂಟ್ ಕೊಡುವ ಪೆಟ್ಟಿಗೆ) 4 ಮತ್ತು 5ರಲ್ಲಿ ಪಾಸಿಟಿವ್, 7 ಮತ್ತು 8ರಲ್ಲಿ ನೆಗೆಟಿವ್ ಕಳಿಸ್ತದೆ, ಸುಮಾರು 48 ವೋಲ್ಟ್ ಡಿಸಿ. ಉಪ್ಪಿನ ಅಂಶ ಇರುವ ನೀರು, ಅದರಲ್ಲಿ ಡಿಸಿ ಕರೆಂಟ್, ಶಾಲೆಯಲ್ಲಿ ಕಲಿತ ಎಲೆಕ್ಟ್ರೋಲಿಸಿಸ್ ಅದೇ, ಪಾಸಿಟಿವ್ ಕಡೆಯ ಲೋಹ ಕರಗಿ ಹೋಗ್ತದೆ. ಡೇಟಾ ಹೋಗುವ ಪಿನ್ನುಗಳು ಗಟ್ಟಿ ಇದ್ವು, ಕರೆಂಟ್ ಸಿಗದೆ ಕ್ಯಾಮರಾ ಸತ್ತಿತ್ತು ಅಷ್ಟೇ. ಗಟ್ಟದ ಮೇಲಿನ ಊರಲ್ಲಿ ಇದೇ ಟೇಪ್ ಎರಡು ಮೂರು ವರ್ಷ ನಡೀಬಹುದು, ನಮ್ಮಲ್ಲಿ ಒಂದು ಮಳೆಗಾಲವೂ ಇಲ್ಲ.

ಆಮೇಲೆ ಮಾಡಿದ್ದು ಹೀಗೆ. ಪ್ರತಿ ಕ್ಯಾಮರಾದ ಹಿಂದೆ ಒಂದು ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸ್, ರಬ್ಬರ್ ಗ್ಯಾಸ್ಕೆಟ್ ಇರುವಂಥದ್ದು, ಜಾಯಿಂಟ್ ಪೂರ್ತಿ ಅದರ ಒಳಗೆ. ಕೇಬಲ್ ಬಾಕ್ಸಿಗೆ ಕೆಳಗಿನಿಂದಲೇ ಗ್ಲಾಂಡ್ (ಕೇಬಲ್ ಬಿಗಿ ಹಿಡಿಯುವ ಬಿರಡೆ) ಮೂಲಕ ಹೋಗ್ಬೇಕು, ಹೋಗುವ ಮೊದಲು ಒಂದು ಗೇಣು ಕೆಳಗೆ ಇಳಿದು ಮತ್ತೆ ಮೇಲೆ ಬರುವ ಹಾಗೆ ಬಳುಕು ಬಿಡ್ಬೇಕು, ನೀರು ಕೇಬಲ್ ಹಿಡ್ಕೊಂಡು ಇಳಿದು ಆ ಬಳುಕಿನ ತುದಿಯಲ್ಲಿ ತೊಟ್ಟಿಕ್ಕಿ ಬೀಳ್ತದೆ, ನಮ್ಮ ಮಾಡಿನ ಹಂಚಿನ ಅಂಚಲ್ಲಿ ಬೀಳುವ ಹಾಗೆಯೇ. ಕ್ಯಾಮರಾದ ಕ್ಯಾಪ್, ಅದರ ರಬ್ಬರ್ ರಿಂಗ್ ಎರಡನ್ನೂ ಈ ಸಲ ಹಾಕಿದೆ, ಕ್ಯಾಪನ್ನು ಮೊದಲೇ ಕೇಬಲಿಗೆ ತೂರಿಸಿ ಆಮೇಲೆ ಪ್ಲಗ್ ಕ್ರಿಂಪ್ ಮಾಡ್ಬೇಕಾಗ್ತದೆ (ಒತ್ತಿ ಕೂರಿಸ್ಬೇಕಾಗ್ತದೆ), ಅದು ನೆನಪಿರ್ಲಿ. ಪ್ಲಗ್ಗಿನ ಬಾಯಿಗೆ ಡೈಎಲೆಕ್ಟ್ರಿಕ್ ಸಿಲಿಕಾನ್ ಗ್ರೀಸ್ ತುಂಬಿಸಿದೆ, ಬೈಕ್ ಬಿಡಿಭಾಗದ ಅಂಗಡಿಗಳಲ್ಲಿ ಸಿಗ್ತದೆ, ಸಣ್ಣ ಟ್ಯೂಬ್ ಮೂರೂ ಕ್ಯಾಮರಾಕ್ಕೆ ಸಾಕಾಯ್ತು. ಗೋಡೆಯ ತೂತು ಮುಚ್ಚಲಿಕ್ಕೆ ಸಿಲಿಕಾನ್ ಸೀಲಂಟ್ ತಗೊಳ್ಳುವಾಗ ನ್ಯೂಟ್ರಲ್ ಅಂತ ಬರೆದದ್ದನ್ನೇ ತಗೊಳ್ಳಿ, ವಿನೆಗರ್ ವಾಸನೆ ಬರುವುದರಲ್ಲಿ ಅಸಿಟಿಕ್ ಆಸಿಡ್ ಹೊರಗೆ ಬರ್ತದೆ, ಅದು ತಾಮ್ರವನ್ನು ತಿಂತದೆ.

ಕೆಂಪುಕಲ್ಲಿಗೆ ಡ್ರಿಲ್ ಹಾಕುವುದೂ ಒಂದು ಕೆಲಸವೇ. ಡ್ರಿಲ್ಲಿನ ಹ್ಯಾಮರ್ ಆನ್ ಇಟ್ಟು ಹಾಕಿದ್ರೆ ಕಲ್ಲು ಹುಡಿ ಹುಡಿಯಾಗಿ ತೂತು ದೊಡ್ಡದಾಗ್ತದೆ, ಸ್ಕ್ರೂ ಹಿಡಿಯುವ ಗೋಡೆ ಪ್ಲಗ್ ನಿಲ್ಲುವುದಿಲ್ಲ. ಹ್ಯಾಮರ್ ಆಫ್ ಮಾಡಿ ನಿಧಾನಕ್ಕೆ ಹಾಕಿ, ಉದ್ದದ ಪ್ಲಗ್ ಬಳಸಿದೆ. ಸ್ಕ್ರೂ 316 ಸ್ಟೈನ್‌ಲೆಸ್ ಹುಡುಕಿ ತಂದೆ, ಕಡಲ ಗಾಳಿಗೆ 304ರ ಮೇಲೂ ಕಂದು ಕಲೆ ಬರ್ತದೆ.

ಸಿಡಿಲಿನ ವಿಷಯ. ನಮ್ಮಲ್ಲಿ ಮಳೆಗಾಲಕ್ಕೆ ಮೊದಲು ಏಪ್ರಿಲ್ ಮೇ ತಿಂಗಳಲ್ಲಿ, ಆಮೇಲೆ ಅಕ್ಟೋಬರಿನಲ್ಲಿ ಸಂಜೆ ಹೊತ್ತಿಗೆ ಗುಡುಗು ಸಿಡಿಲು ಜೋರು. ಮನೆ ಮೇಲೇ ಬಿದ್ರೆ ಯಾವುದೂ ಉಳಿಯುವುದಿಲ್ಲ, ಆದ್ರೆ ಹತ್ತಿರದ ತೆಂಗಿನ ಮರಕ್ಕೆ ಬಿದ್ರೂ ಉದ್ದ ಕೇಬಲಲ್ಲಿ ವೋಲ್ಟೇಜ್ ಹುಟ್ಟಿ ಸ್ವಿಚ್ ಸುಡ್ತದೆ. ಗೇಟಿನ ಕೇಬಲಿಗೆ ಎರಡೂ ತುದಿಯಲ್ಲಿ ಪಿಒಇ ಸರ್ಜ್ ಪ್ರೊಟೆಕ್ಟರ್ ಹಾಕಿ ಅದರ ಹಸಿರು ವೈರನ್ನು ಅರ್ತ್‌ಗೆ ಕೊಟ್ಟಿದ್ದೇನೆ. ಅರ್ತ್ ಕೊಡದೆ ಹಾಕಿದ್ರೆ ಅದರಿಂದ ಉಪಯೋಗ ಇಲ್ಲ. ಅಮ್ಮನಿಗೆ ಒಂದು ಪ್ಲಗ್ ತೋರಿಸಿಕೊಟ್ಟಿದ್ದೇನೆ, ಗುಡುಗು ಸುರುವಾದ್ರೆ ಅದನ್ನು ತೆಗೆಯಲಿಕ್ಕೆ. ಬರೀ ಕರೆಂಟ್ ಹೋದಾಗ ರೂಟರ್, ಸ್ವಿಚ್, ರೆಕಾರ್ಡರ್ ಮೂರೂ ಇನ್ವರ್ಟರಿನಲ್ಲಿ ನಡೀತವೆ.

ಲೆನ್ಸ್ ಬಗ್ಗೆ ಚಿಕ್ಕದಾಗಿ: 2.8 ಎಂಎಂ ಲೆನ್ಸ್ ಅಂಗಳ ಪೂರ್ತಿ ತೋರಿಸ್ತದೆ, ಆದ್ರೆ 12 ಮೀಟರ್ ದೂರದ ಗೇಟಿನಲ್ಲಿ ನಿಂತವರ ಮುಖ ಗೊತ್ತಾಗುವುದಿಲ್ಲ. ಗುರುತು ಹಿಡೀಲಿಕ್ಕೆ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು ಅಂತ ಲೆಕ್ಕ, 4 ಮೆಗಾಪಿಕ್ಸೆಲಿನ 2.8 ಎಂಎಂನಲ್ಲಿ ಅಷ್ಟು ದೂರಕ್ಕೆ ಸುಮಾರು 90 ಸಿಗ್ತದೆ, 6 ಎಂಎಂನಲ್ಲಿ 250 ಮುಟ್ಟದಿದ್ರೂ 200 ದಾಟ್ತದೆ. ಗೇಟಿಗೆ 6 ಎಂಎಂ ಹಾಕಿದೆ. ರೆಕಾರ್ಡಿಂಗ್ ಎಚ್.265ನಲ್ಲಿ (ವೀಡಿಯೋ ಕುಗ್ಗಿಸುವ ವಿಧಾನ) 2 ಎಂಬಿಪಿಎಸ್ ಇಟ್ರೆ ಒಂದು ಕ್ಯಾಮರಾಕ್ಕೆ ದಿನಕ್ಕೆ 21.6 ಜಿಬಿ, ಮೂರಕ್ಕೆ 65, ಹಾಗೆ 2 ಟಿಬಿ ಡಿಸ್ಕಲ್ಲಿ ಒಂದು ತಿಂಗಳು ನಿಲ್ತದೆ.

ಇನ್ನೊಂದು ತಲೆನೋವು ಜೇಡ. ರಾತ್ರಿ ಐಆರ್ ಹೊತ್ತಿದ ಕ್ಯಾಮರಾದ ಹತ್ತಿರ ಹುಳ ಬರ್ತದೆ, ಹುಳಕ್ಕೆ ಜೇಡ ಬರ್ತದೆ, ಲೆನ್ಸಿನ ಎದುರಿಗೇ ಬಲೆ ಕಟ್ತದೆ. ಆ ಒಂದು ನೂಲು ಐಆರ್ ಬೆಳಕಲ್ಲಿ ಹಗ್ಗದಷ್ಟು ದಪ್ಪ ಬೆಳ್ಳಗೆ ಕಾಣ್ತದೆ, ಗಾಳಿಗೆ ಅಲ್ಲಾಡಿದ್ರೆ ಮೊಬೈಲಿಗೆ ರಾತ್ರಿಯಿಡೀ ಅಲರ್ಟ್. ಅಂಗಳದ ಕ್ಯಾಮರಾದ ಸ್ವಂತ ಐಆರ್ ಆಫ್ ಮಾಡಿ, ಆರು ಅಡಿ ಆಚೆ ಬೇರೆಯೇ ಒಂದು ಐಆರ್ ಲ್ಯಾಂಪ್ ಹಾಕಿದೆ, ಈಗ ಹುಳ ಜೇಡ ಎಲ್ಲ ಆ ಕಡೆಗೆ. ಉಳಿದೆರಡಕ್ಕೆ ಅಮ್ಮ ಶನಿವಾರ ಉದ್ದ ಕೋಲಿಗೆ ಹಿಡಿಸೂಡಿ ಕಟ್ಟಿ ಗುಡಿಸ್ತಾರೆ. ನಾನು ಹೋದಾಗ ಸಿಹಿನೀರಲ್ಲಿ ಒದ್ದೆ ಮಾಡಿದ ಬಟ್ಟೆಯಲ್ಲಿ ಗಾಜು ಒರಸ್ತೇನೆ, ಉಪ್ಪಿನ ಪದರ ಕೂತ್ರೆ ರಾತ್ರಿ ಚಿತ್ರ ಮಂಜು ಮಂಜು.

ಇಂಟರ್ನೆಟ್ ಬಗ್ಗೆ ನಾನು ಬಹಳ ಗಟ್ಟಿ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಫ್ಯಾಕ್ಟರಿ ಪಾಸ್‌ವರ್ಡ್ ಬದಲಾಯಿಸದೆ ಬಿಟ್ಟ ಕ್ಯಾಮರಾ, ಡಿವಿಆರ್‌ಗಳನ್ನು ಲಕ್ಷಗಟ್ಟಲೆ ಹಿಡಿದು, ಅಕ್ಟೋಬರ್ 21ರಂದು ಅವುಗಳಿಂದಲೇ ಡೈನ್ ಅನ್ನುವ, ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿ ಕೊಡುವ ಡಿಎನ್‌ಎಸ್ ಕಂಪೆನಿ ಮೇಲೆ ದಾಳಿ ಮಾಡಿಸಿತು, ಟ್ವಿಟರ್ ನೆಟ್‌ಫ್ಲಿಕ್ಸ್ ಎಲ್ಲ ಗಂಟೆಗಟ್ಟಲೆ ಸಿಗದ ಹಾಗಾಯ್ತು. ಅಂಥದ್ದರಲ್ಲಿ ಅಮ್ಮ ಓಡಾಡುವ ಅಂಗಳದ ಕ್ಯಾಮರಾ ಸೇರುವುದು ನನಗೆ ಬೇಡ. ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬರಲಿಕ್ಕೆ ರೂಟರಿನಲ್ಲಿ ದಾರಿ ತೆರೆದಿಡುವುದು) ಇಲ್ಲ, ಆ ದಾರಿ ತಾನಾಗಿ ತೆರೆಯಲಿಕ್ಕೆ ಬಿಡುವ ಯುಪಿಎನ್‌ಪಿ ಆಫ್, ಕ್ಯಾಮರಾಗಳಿಗೆ ಹೊರಗಿನ ಇಂಟರ್ನೆಟ್ ಪೂರ್ತಿ ಬಂದ್. ಮಂಗಳೂರಿಂದ ನಾನು ನೋಡೋದು ನನ್ನ ಸಾಧನಗಳನ್ನು ಮಾತ್ರ ಒಳಗೊಳಗೇ ಜೋಡಿಸುವ ಟೇಲ್‌ಸ್ಕೇಲ್ ಮೂಲಕ, ಮನೆಯ ಒಂದು ಪುಟ್ಟ ಕಂಪ್ಯೂಟರ್, ರಾಸ್ಪ್‌ಬೆರಿ ಪೈನಲ್ಲಿ ಅದು ಯಾವಾಗ್ಲೂ ಆನ್. ಇಂಟರ್ನೆಟ್ ಕಟ್ ಮಾಡಿದ್ರೆ ಕ್ಯಾಮರಾದ ಗಡಿಯಾರ ನಿಧಾನಕ್ಕೆ ತಪ್ತಾ ಹೋಗ್ತದೆ, ಹಾಗಾಗಿ ರೆಕಾರ್ಡರಿನಿಂದಲೇ ಟೈಮ್ ತಗೊಳ್ಳುವ ಹಾಗೆ ಸೆಟ್ ಮಾಡಿ. ತಪ್ಪು ಟೈಮ್ ಇರುವ ವೀಡಿಯೋ ಬೇಕಾದಾಗ ತೊಂದರೆಯೇ ಕೊಡೋದು.

ಹಿಂದಿನ ಕ್ಯಾಮರಾದಲ್ಲಿ ನೆರೆಮನೆಯವರ ಬಾವಿಕಟ್ಟೆ ಕಾಣ್ತಿತ್ತು. ಅವರನ್ನು ಕರ್ಕೊಂಡು ಬಂದು ಸ್ಕ್ರೀನ್ ತೋರಿಸಿ, ಅವರ ಎದುರಲ್ಲೇ ಅಷ್ಟು ಭಾಗಕ್ಕೆ ಕಪ್ಪು ಮಾಸ್ಕ್ ಹಾಕಿದೆ. ಅವರು ಕೇಳಿರಲಿಲ್ಲ, ಆದ್ರೂ ಅದು ಮಾಡ್ಬೇಕಾದ ಕೆಲಸ.

ಈ ಮೇ ತಿಂಗಳಲ್ಲಿ ಮಳೆಗೆ ಮೊದಲು ಗೇಟಿನ ಬಾಕ್ಸ್ ತೆರೆದೆ. ಗ್ರೀಸ್ ಒರಸಿ ನೋಡಿದ್ರೆ 4 ಮತ್ತು 5 ಹೊಸದರ ಹಾಗೆ ಹೊಳೀತಾ ಇದ್ವು. ಮೊನ್ನೆ ರಾತ್ರಿ ಎರಡು ಗಂಟೆಗೆ ನಾಯಿ ಬೊಗಳಿತಂತೆ, ಅಪ್ಪ ಮಂಚದ ಬದಿಯ ಟ್ಯಾಬ್ ಆನ್ ಮಾಡಿ ನೋಡಿದ್ರು, ಅಂಗಳದಲ್ಲಿ ಒಂದು ಮುಳ್ಳುಹಂದಿ. "ಅದು ಹೋಯ್ತು, ನೀನು ಮಲಗು" ಅಂತ ಅಮ್ಮನಿಗೆ ಹೇಳಿ ದೀಪ ಆರಿಸಿದ್ರಂತೆ.