ಹಾರ್ಡ್ ಡಿಸ್ಕ್ ಪಾರ್ಟಿಷನ್ ಮಾಡಬೇಕಾ? ಮಾಡುವುದಾದರೆ ಹೀಗೆ ಮಾಡಿ

ಹೊಸ ಲ್ಯಾಪ್‌ಟಾಪ್ ತೆರೆದ ಕೂಡಲೇ ಬಹಳ ಜನ ಕೇಳುವ ಪ್ರಶ್ನೆ: "ಇದರಲ್ಲಿ ಸಿ ಡ್ರೈವ್ ಒಂದೇ ಇದೆಯಲ್ಲ, ಡಿ ಎಲ್ಲಿ?" ಹಳೆಯ ಕಂಪ್ಯೂಟರ್‌ನಲ್ಲಿ ಸಿ, ಡಿ, ಇ ಅಂತ ಮೂರು ಡ್ರೈವ್ ನೋಡಿ ಅಭ್ಯಾಸ ಆದವರಿಗೆ ಒಂದೇ ಡ್ರೈವ್ ಕಂಡರೆ ಏನೋ ಕೊರತೆ ಅನ್ನಿಸುತ್ತದೆ. ಕೊರತೆ ಏನೂ ಇಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಂದೇ ಡಿಸ್ಕ್, ಅದರಲ್ಲಿ ವಿಂಡೋಸ್ ಮಾತ್ರ, ಜೊತೆಗೆ ನಿಮ್ಮ ಫೋಟೋ, ಹಾಡು, ಕೆಲಸದ ಫೈಲ್, ಇಷ್ಟೇ ಇದ್ದರೆ ಪಾರ್ಟಿಷನ್ (ಒಂದೇ ಡಿಸ್ಕನ್ನು ಸಿ, ಡಿ ಅಂತ ಭಾಗ ಮಾಡುವುದು) ಬೇಡ, ಅಚ್ಚುಕಟ್ಟಾದ ಫೋಲ್ಡರ್‌ಗಳು ಸಾಕು. ಆದರೆ ಕೆಲವರಿಗೆ ನಿಜವಾಗಿಯೂ ಬೇಕಾಗುತ್ತದೆ, ಅವರಿಗಾಗಿ ಮಾಡುವ ವಿಧಾನ ಕೆಳಗಿದೆ.

ಈ ಅಭ್ಯಾಸ ಬಂದದ್ದಾದರೂ ಎಲ್ಲಿಂದ? ಒಂದು ಕಾಲದಲ್ಲಿ ಅದು ಅನಿವಾರ್ಯವಾಗಿತ್ತು. ವಿಂಡೋಸ್‌ಗಿಂತ ಹಳೆಯ ಡಾಸ್ ಮತ್ತು ಮೊದಲ ವಿಂಡೋಸ್ 95, ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡಲು ಬಳಸುತ್ತಿದ್ದ ಫ್ಯಾಟ್16 ವ್ಯವಸ್ಥೆಯಲ್ಲಿ ಒಂದು ಪಾರ್ಟಿಷನ್ 2 ಜಿಬಿ ದಾಟುವಂತಿರಲಿಲ್ಲ. ಡಿಸ್ಕ್ ಅದಕ್ಕಿಂತ ದೊಡ್ಡದಿದ್ದರೆ ತುಂಡು ಮಾಡಲೇಬೇಕಿತ್ತು. ಇನ್ನೊಂದು ತೊಂದರೆಯೂ ಇತ್ತು. 2 ಜಿಬಿ ಪಾರ್ಟಿಷನ್‌ನಲ್ಲಿ ಒಂದೇ ಸಾಲಿನ ಚಿಕ್ಕ ಫೈಲ್ ಕೂಡ 32 ಕೆಬಿ ಜಾಗ ಹಿಡಿಯುತ್ತಿತ್ತು. ಪಾರ್ಟಿಷನ್ ಚಿಕ್ಕದಾದಷ್ಟೂ ಈ ನಷ್ಟ ಕಡಿಮೆ. 1996ರಲ್ಲಿ ಅದರ ಮುಂದಿನ ರೂಪ ಫ್ಯಾಟ್32 ಬಂತು, ಆಮೇಲೆ ಎನ್‌ಟಿಎಫ್‌ಎಸ್ ಅನ್ನುವ ಇನ್ನೊಂದು ವ್ಯವಸ್ಥೆ ಎಲ್ಲರ ಮನೆಗೂ ಬಂತು, ಕಾರಣ ಹೋಯಿತು. ಅಭ್ಯಾಸ ಮಾತ್ರ ಉಳಿಯಿತು.

ಪಾರ್ಟಿಷನ್ ಅಂದರೆ ಒಂದೇ ಕಪಾಟಿನ ನಡುವೆ ಹಲಗೆ ಹೊಡೆದ ಹಾಗೆ. ಕಪಾಟು ಉರುಳಿದರೆ ಎರಡೂ ಕಡೆಯ ಸಾಮಾನು ಬೀಳುತ್ತದೆ. ಇದನ್ನು ನಾನು ತುಂಬಾ ನೋವಿನಿಂದ ಕಲಿತೆ. "ವಿಂಡೋಸ್ ಹೋದರೂ ಡಿ ಇರುತ್ತೆ" ಅಂತ ನಂಬಿ ವರ್ಷಗಟ್ಟಲೆ ಮನೆಯ ಫೋಟೋಗಳನ್ನೆಲ್ಲ ಡಿ ಡ್ರೈವ್‌ಗೆ ಹಾಕುತ್ತಿದ್ದೆ. ಒಂದು ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದರೆ ಒಳಗಿನಿಂದ ಟಕ್, ಟಕ್, ಸ್ವಲ್ಪ ಬಿಟ್ಟು ಮತ್ತೆ ಟಕ್ ಅನ್ನುವ ಸದ್ದು. ಡಿಸ್ಕ್ ಇದೆ ಅನ್ನುವುದೇ ಕಂಪ್ಯೂಟರ್‌ಗೆ ಗೊತ್ತಾಗಲಿಲ್ಲ. ಸಿ ಹೋಯಿತು, ಅದರ ಜೊತೆಗೇ ಡಿ ಕೂಡ. ಹಳೆಯ ಪೆನ್ ಡ್ರೈವ್‌ನಲ್ಲಿ ಉಳಿದಿದ್ದ ಒಂದಷ್ಟು ಫೋಟೋ ಬಿಟ್ಟರೆ ಬೇರೇನೂ ಸಿಗಲಿಲ್ಲ. ದಯವಿಟ್ಟು ಡಿ ಡ್ರೈವ್ ಅನ್ನು ಬ್ಯಾಕಪ್ ಅಂದುಕೊಳ್ಳಬೇಡಿ. ಬ್ಯಾಕಪ್ ಅಂದರೆ ಬೇರೆ ಡಿಸ್ಕ್. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್‌ಗಳೂ ಸಿ ಒಂದನ್ನೇ ಹುಡುಕುವುದಿಲ್ಲ, ಕಂಡ ಡ್ರೈವ್‌ಗೆಲ್ಲ ಕೈಹಾಕುತ್ತವೆ.

ಎರಡನೇ ತೊಂದರೆ ಜಾಗದ್ದು. ಯಾರೋ ಸಿ ಡ್ರೈವ್‌ಗೆ 100 ಜಿಬಿ ಕೊಟ್ಟು ಉಳಿದದ್ದೆಲ್ಲ ಡಿಗೆ ಹಾಕಿರುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಸಿ ಪಟ್ಟಿ ಕೆಂಪಾಗಿರುತ್ತದೆ, ಡಿಯಲ್ಲಿ ಜಾಗ ಖಾಲಿ ಬಿದ್ದಿರುತ್ತದೆ. ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಡಿಸ್ಕ್ ಬೇಕು ಅಂತ ಮೈಕ್ರೋಸಾಫ್ಟೇ ಹೇಳುತ್ತದೆ, ಅದರ ಮೇಲೆ ಅಪ್‌ಡೇಟ್‌ಗಳು, ಬ್ರೌಸರ್ ಕೂಡಿಡುವ ಫೈಲ್‌ಗಳು, ನೀವು ಡಿಯಲ್ಲಿ ಹಾಕಿದ ಪ್ರೋಗ್ರಾಂ ಕೂಡ ಸದ್ದಿಲ್ಲದೆ ಸಿಯಲ್ಲಿ ಬರೆದಿಡುವ ಸೆಟ್ಟಿಂಗ್‌ಗಳು, ಹೀಗೆ ಸಿ ತುಂಬುತ್ತಲೇ ಹೋಗುತ್ತದೆ. ಇನ್ನೊಂದು ಸಣ್ಣ ವಿಷಯ ಗಮನಿಸಿ ನೋಡಿ. ಸಿ ಒಳಗೇ ಒಂದು ಫೋಲ್ಡರ್‌ನಿಂದ ಇನ್ನೊಂದಕ್ಕೆ 10 ಜಿಬಿ ವಿಡಿಯೋ ಕಟ್ ಮಾಡಿ ಪೇಸ್ಟ್ ಮಾಡಿದರೆ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ, ಯಾಕೆಂದರೆ ಬದಲಾಗುವುದು ವಿಳಾಸ ಮಾತ್ರ. ಸಿಯಿಂದ ಡಿಗೆ ಹಾಕಿ, ಹಸಿರು ಪಟ್ಟಿ ನಿಧಾನವಾಗಿ ತೆವಳುತ್ತದೆ. ಡಿಸ್ಕ್ ಒಂದೇ ಆದರೂ ಪ್ರತಿ ಅಕ್ಷರವನ್ನೂ ಓದಿ ಮತ್ತೆ ಬರೆಯಬೇಕು.

ಪಾರ್ಟಿಷನ್ ಮಾಡಿದರೆ ವೇಗ ಹೆಚ್ಚುತ್ತದೆ ಅನ್ನುವವರಿದ್ದಾರೆ. ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಹೊರ ಅಂಚು ಒಳಭಾಗಕ್ಕಿಂತ ವೇಗ, ಆ ಮಾತು ನಿಜ. ತಿರುಗುವ ಭಾಗವೇ ಇಲ್ಲದೆ ಚಿಪ್‌ಗಳಲ್ಲಿ ಫೈಲ್ ಇಡುವ ಎಸ್‌ಎಸ್‌ಡಿಯಲ್ಲಿ ಅದಕ್ಕೆ ಅರ್ಥವೇ ಇಲ್ಲ. ಅಲ್ಲಿ ಯಾವ ಫೈಲ್ ಯಾವ ಚಿಪ್‌ನಲ್ಲಿ ಕೂರಬೇಕು ಅಂತ ಎಸ್‌ಎಸ್‌ಡಿಯೇ ತೀರ್ಮಾನಿಸುತ್ತದೆ, ನೀವು ಎಳೆದ ಗೆರೆ ಅದಕ್ಕೆ ಲೆಕ್ಕಕ್ಕಿಲ್ಲ.

ಹಾಗಾದರೆ ಯಾರಿಗೆ ಬೇಕು? ವಿಂಡೋಸ್ ಜೊತೆ ಲಿನಕ್ಸ್ ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಂ ಕೂಡ ಹಾಕುವವರಿಗೆ ಬೇಕೇ ಬೇಕು, ಎರಡಕ್ಕೂ ಬೇರೆ ಬೇರೆ ಜಾಗ ಬೇಕಲ್ವಾ? ಪದೇ ಪದೇ ವಿಂಡೋಸ್ ಅಳಿಸಿ ಹೊಸದಾಗಿ ಹಾಕುವವರಿಗೂ ಅನುಕೂಲ, ಸಿ ಫಾರ್ಮ್ಯಾಟ್ ಮಾಡಿದರೂ ಡಿಯಲ್ಲಿರುವುದು ಹಾಗೇ ಇರುತ್ತದೆ. ಕಚೇರಿಯ ಫೈಲ್‌ಗಳನ್ನು ಬೇರೆಯಾಗಿಟ್ಟು ಅದಕ್ಕೆ ಮಾತ್ರ ಪಾಸ್‌ವರ್ಡ್ ಬೀಗ ಹಾಕಬೇಕು ಅನ್ನುವವರು ಮೂರನೆಯವರು. ಮ್ಯಾಕ್ ಇರುವವರು ಈ ತಲೆನೋವಿಗೇ ಹೋಗಬೇಡಿ. 2017ರಿಂದ ಅದರಲ್ಲಿ ಬಂದಿರುವ ಎಪಿಎಫ್‌ಎಸ್ ಅನ್ನುವ ಫೈಲ್ ವ್ಯವಸ್ಥೆಯಲ್ಲಿ ಹೊಸ 'ವಾಲ್ಯೂಮ್' (ಬೇರೆ ಡ್ರೈವ್‌ನಂತೆ ಕಾಣುವ ಭಾಗ) ಸೇರಿಸಿದರೆ ಎಲ್ಲವೂ ಒಂದೇ ಖಾಲಿ ಜಾಗವನ್ನು ಹಂಚಿಕೊಳ್ಳುತ್ತವೆ.

ಬೇಕೇ ಬೇಕು ಅಂತ ತೀರ್ಮಾನಿಸಿದ್ದರೆ ಈಗ ಕೆಲಸಕ್ಕೆ ಇಳಿಯೋಣ. ಇದು ವಿಂಡೋಸ್ 10 ಮತ್ತು 11ಕ್ಕೆ.

1. ಮೊದಲು ಬ್ಯಾಕಪ್. ಬೇರೆ ಡಿಸ್ಕ್‌ಗೆ ಕಾಪಿ ಮಾಡಿ, ಅಷ್ಟಕ್ಕೇ ನಿಲ್ಲಿಸಬೇಡಿ, ಆ ಡಿಸ್ಕ್‌ನಿಂದಲೇ ಮೂರು ನಾಲ್ಕು ಫೈಲ್ ತೆರೆದು ನೋಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಇರಲಿ.

2. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದೆಯಾ ನೋಡಿ. ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಹುಡುಕಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಈ ಸಂಖ್ಯೆ ಇಲ್ಲದೆ ಒಮ್ಮೆ ಬೀಗ ಬಿದ್ದರೆ ತೆಗೆಯುವ ದಾರಿಯೇ ಇಲ್ಲ.

3. ರೀಸೈಕಲ್ ಬಿನ್ ಖಾಲಿ ಮಾಡಿ, ಬೇಡದ ಪ್ರೋಗ್ರಾಂ ತೆಗೆದುಹಾಕಿ.

4. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆಯಿರಿ. ಕೆಳಭಾಗದಲ್ಲಿ ನಿಮ್ಮ ಡಿಸ್ಕ್ ಒಂದು ಉದ್ದ ಪಟ್ಟಿಯಾಗಿ ಕಾಣುತ್ತದೆ. ಎಡಕ್ಕೆ ಇಎಫ್ಐ ಅನ್ನುವ ಚಿಕ್ಕ ತುಂಡು, ನಡುವೆ ಸಿ, ಸಾಮಾನ್ಯವಾಗಿ ಬಲಕ್ಕೆ ರಿಕವರಿ ಅನ್ನುವ ಇನ್ನೊಂದು ತುಂಡು. ಆ ಎರಡು ಚಿಕ್ಕ ತುಂಡುಗಳನ್ನು ಮುಟ್ಟಲೇಬೇಡಿ. ಇಎಫ್ಐ ಅಳಿಸಿದರೆ ಕಂಪ್ಯೂಟರ್ ಆನ್ ಆದರೂ ವಿಂಡೋಸ್ ಬರುವುದಿಲ್ಲ.

5. ಸಿ ಮೇಲೆ ರೈಟ್ ಕ್ಲಿಕ್, 'ಶ್ರಿಂಕ್ ವಾಲ್ಯೂಮ್'. ಇಲ್ಲಿ ಬಹಳ ಜನ ಎಡವುತ್ತಾರೆ. ಕೇಳುವುದು ಸಿಯಿಂದ ಎಷ್ಟು ಕಿತ್ತುಕೊಳ್ಳಬೇಕು ಅಂತ, ಸಿಗೆ ಎಷ್ಟು ಉಳಿಯಬೇಕು ಅಂತ ಅಲ್ಲ. ಅದೂ ಎಂಬಿ ಲೆಕ್ಕದಲ್ಲಿ. 1 ಜಿಬಿ ಅಂದರೆ 1024 ಎಂಬಿ, ಹಾಗಾಗಿ 200 ಜಿಬಿ ಬೇಕಿದ್ದರೆ 204800 ಅಂತ ಹಾಕಬೇಕು. ಎಷ್ಟು ತೆಗೆಯಬೇಕು? ಸಿಯಲ್ಲಿ ಈಗ ತುಂಬಿರುವುದರ ಜೊತೆಗೆ ಕನಿಷ್ಠ 100 ಜಿಬಿ ಖಾಲಿ ಬಿಡಿ ಅನ್ನುತ್ತೇನೆ ನಾನು. 512 ಜಿಬಿ ಡಿಸ್ಕ್ ವಿಂಡೋಸ್‌ನಲ್ಲಿ 476 ಜಿಬಿ ಅಂತ ಕಾಣುತ್ತದೆ, ಅದರಲ್ಲಿ ಸಿಗೆ 276 ಉಳಿಸಿ 200 ತೆಗೆದರೆ ನೆಮ್ಮದಿ.

ಖಾಲಿ ಜಾಗ ಜಾಸ್ತಿ ಇದ್ದರೂ ಕೆಲವೊಮ್ಮೆ ಸ್ವಲ್ಪವೇ ತೆಗೆಯಲು ಬಿಡುತ್ತದೆ. ಸುಮ್ನೆ ಹೆದರಬೇಡಿ. ಪೇಜ್ ಫೈಲ್ (ಮೆಮೊರಿ ಸಾಲದಾಗ ವಿಂಡೋಸ್ ಬಳಸುವುದು), ಹೈಬರ್ನೇಷನ್ ಫೈಲ್ (ಕಂಪ್ಯೂಟರ್ ಮಲಗುವಾಗ ಕೆಲಸವನ್ನು ಉಳಿಸಿಡುವುದು), ರಿಸ್ಟೋರ್ ಪಾಯಿಂಟ್‌ಗಳು (ವಿಂಡೋಸ್ ಅನ್ನು ಹಿಂದಿನ ಸ್ಥಿತಿಗೆ ಒಯ್ಯಲು ಇಟ್ಟವು) ಡಿಸ್ಕ್‌ನ ನಡುವೆಯೋ ಕೊನೆಯಲ್ಲೋ ಕೂತು ಜರುಗುವುದಿಲ್ಲ, ಅಷ್ಟೇ. ಇವುಗಳನ್ನು ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ಶ್ರಿಂಕ್ ಮಾಡಿ ನೋಡಿ. ಮುಗಿದ ಮೇಲೆ ಆನ್ ಮಾಡುವುದು ಮರೆಯಬೇಡಿ. ಹಳೆಯ ರಿಸ್ಟೋರ್ ಪಾಯಿಂಟ್‌ಗಳು ಇದರಲ್ಲಿ ಹೋಗುತ್ತವೆ, ಅದು ಗೊತ್ತಿರಲಿ.

6. ಈಗ ಸಿ ಪಕ್ಕದಲ್ಲಿ ಕಪ್ಪು ತಲೆಯ 'ಅನ್‌ಅಲೊಕೇಟೆಡ್' ಜಾಗ ಕಾಣುತ್ತದೆ. ಲಿನಕ್ಸ್ ಹಾಕುವವರು ಇಲ್ಲಿಗೇ ನಿಲ್ಲಿಸಿ, ಉಳಿದದ್ದನ್ನು ಲಿನಕ್ಸ್ ನೋಡಿಕೊಳ್ಳುತ್ತದೆ. ಬೇರೆಯವರು ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ನ್ಯೂ ಸಿಂಪಲ್ ವಾಲ್ಯೂಮ್' ಆರಿಸಿ, ಎನ್‌ಟಿಎಫ್‌ಎಸ್ ಇರಲಿ, ಹೆಸರು ಕೊಡಿ, 'ಕ್ವಿಕ್ ಫಾರ್ಮ್ಯಾಟ್' ಟಿಕ್ ಹಾಗೇ ಬಿಟ್ಟು ಮುಗಿಸಿ. ಹೊಚ್ಚ ಹೊಸ ಡಿಸ್ಕ್ ಜೋಡಿಸಿದಾಗ ಎಂಬಿಆರ್ ಬೇಕಾ ಜಿಪಿಟಿ ಬೇಕಾ (ಪಾರ್ಟಿಷನ್‌ಗಳ ಪಟ್ಟಿ ಬರೆದಿಡುವ ಎರಡು ವಿಧಾನಗಳಿವು) ಅಂತ ಕೇಳಿದರೆ ಜಿಪಿಟಿ ಅನ್ನಿ. ಎಂಬಿಆರ್‌ನಲ್ಲಿ ಸಾಮಾನ್ಯವಾಗಿ 2 ಟಿಬಿ ಆಚೆಗಿನ ಜಾಗ ಬಳಸಲು ಬರುವುದಿಲ್ಲ.

7. ಡಾಕ್ಯುಮೆಂಟ್ಸ್ ಫೋಲ್ಡರ್ ಅನ್ನು ಡಿಗೆ ಸಾಗಿಸಬೇಕಿದ್ದರೆ ಮೊದಲು ಡಿಯಲ್ಲಿ ಒಂದು ಫೋಲ್ಡರ್ ಮಾಡಿಕೊಳ್ಳಿ. ಆಮೇಲೆ ಡಾಕ್ಯುಮೆಂಟ್ಸ್ ಮೇಲೆ ರೈಟ್ ಕ್ಲಿಕ್, 'ಪ್ರಾಪರ್ಟೀಸ್', 'ಲೊಕೇಷನ್', 'ಮೂವ್', ಆ ಹೊಸ ಫೋಲ್ಡರ್ ತೋರಿಸಿ. ನೇರವಾಗಿ ಡಿ ಡ್ರೈವ್ ತೋರಿಸಿದರೆ ಇಡೀ ಡ್ರೈವೇ ಡಾಕ್ಯುಮೆಂಟ್ಸ್ ಆಗಿಬಿಡುತ್ತದೆ, ಮತ್ತೆ ಸರಿ ಮಾಡುವುದು ದೊಡ್ಡ ರಗಳೆ.

ಮುಂದೆ ಇದೆಲ್ಲ ಬೇಡ ಅನ್ನಿಸಿದರೆ ಹಿಂದಕ್ಕೂ ಹೋಗಬಹುದು. ಸಾಗಿಸಿದ ಫೋಲ್ಡರ್‌ಗಳನ್ನು ಮೊದಲು ಸಿಗೆ ವಾಪಸ್ ತನ್ನಿ, ಡಿಯಲ್ಲಿರುವ ಉಳಿದದ್ದೆಲ್ಲ ಬೇರೆ ಡಿಸ್ಕ್‌ಗೆ ಹಾಕಿ, ಆಮೇಲೆ ಡಿ ಮೇಲೆ 'ಡಿಲೀಟ್ ವಾಲ್ಯೂಮ್', ಸಿ ಮೇಲೆ 'ಎಕ್ಸ್‌ಟೆಂಡ್ ವಾಲ್ಯೂಮ್'. ಖಾಲಿ ಜಾಗ ಸಿಯ ಬಲಕ್ಕೆ ಅಂಟಿಕೊಂಡೇ ಇದ್ದರೆ ಮಾತ್ರ ಇದು ಆಗುತ್ತದೆ. ಮೇಲೆ ಹೇಳಿದ ಹಾಗೆ ಮಾಡಿದ್ದರೆ ಅಂಟಿಕೊಂಡೇ ಇರುತ್ತದೆ. ನಡುವೆ ಏನಾದರೂ ಬಂದಿದ್ದರೆ 'ಎಕ್ಸ್‌ಟೆಂಡ್' ಅನ್ನುವುದು ಮಂಕಾಗಿ ಕಾಣುತ್ತದೆ, ಒತ್ತಿದರೂ ಏನೂ ಆಗುವುದಿಲ್ಲ.